ಗೋಳಗುಮ್ಮಟ: ಕೂಗುವ ಮೊದಲು ತಲೆಯೆತ್ತಿ ನೋಡಿ

ವಿಜಯಪುರಕ್ಕೆ ಹೊರಡುವವರು ಹಿಂದಿನ ರಾತ್ರಿಯೇ ಊರು ಸೇರಿ, ಬೆಳಿಗ್ಗೆ ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು. ಶಾಲಾ ಪ್ರವಾಸದ ಬಸ್ಸುಗಳು ಬಂದ ಮೇಲೆ ಮೇಲಿನ ಗ್ಯಾಲರಿಯಲ್ಲಿ ಗದ್ದಲದ ಹೊರತು ಬೇರೇನೂ ಕೇಳಿಸುವುದಿಲ್ಲ. ಬೇಸಿಗೆಯ ಬಿಸಿಲು ಇಲ್ಲಿ ಕಠಿಣವಾದ್ದರಿಂದ ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಅನುಕೂಲ. ರೈಲು ನಿಲ್ದಾಣ ಸ್ಮಾರಕಕ್ಕೆ ಹತ್ತಿರದಲ್ಲೇ ಇದೆ.

ಒಳಗೆ ಹೋದೊಡನೆ ಮೆಟ್ಟಿಲು ಹುಡುಕಬೇಡಿ. ನನ್ನ ಮಟ್ಟಿಗೆ ಈ ಕಟ್ಟಡದ ನಿಜವಾದ ಸಾಧನೆ ಕಾಣಿಸುವುದು ಕೆಳಗಿನ ಸಭಾಂಗಣದಲ್ಲಿಯೇ. ಚೌಕದ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಹೇಗೆ ಎಂಬುದು ಜಗತ್ತಿನ ಶಿಲ್ಪಿಗಳನ್ನು ಶತಮಾನಗಳ ಕಾಲ ಕಾಡಿದ ಪ್ರಶ್ನೆ. ರೋಮಿನ ಪ್ಯಾಂಥಿಯನ್ನಿನ ಗುಮ್ಮಟ 43 ಮೀಟರಿಗೂ ಅಗಲವಾಗಿದೆಯಾದರೂ ಅದರ ಗೋಡೆಯೇ ದುಂಡಗಿರುವುದರಿಂದ ಅಲ್ಲಿ ಈ ತೊಡಕು ಹುಟ್ಟಲಿಲ್ಲ. 537ರಲ್ಲಿ ಮುಗಿದ ಇಸ್ತಾಂಬುಲಿನ ಹಗಿಯಾ ಸೋಫಿಯಾದಲ್ಲಿ ಮೂಲೆಗಳನ್ನು ತ್ರಿಕೋನಾಕಾರದ ಬಾಗುಗಳಿಂದ ತುಂಬಿ ಸುಮಾರು 31 ಮೀಟರ್ ಅಗಲದ ಗುಮ್ಮಟವನ್ನು ನಿಲ್ಲಿಸಿದರು. ಕೆಲವೇ ದಶಕಗಳಲ್ಲಿ ಅದು ಕುಸಿದು, ಮತ್ತೆ ಕಟ್ಟಬೇಕಾಯಿತು. ವಿಜಯಪುರದ ಶಿಲ್ಪಿಗಳು ಎಂಟು ಕಮಾನುಗಳನ್ನು ಒಂದನ್ನೊಂದು ಛೇದಿಸುವಂತೆ ಎಬ್ಬಿಸಿ, ಮೇಲೇರಿದಂತೆ ಒಳಕ್ಕೆ ಬಾಗಿಸಿ, ಸುಮಾರು 38 ಮೀಟರ್ ಒಳ ಅಗಲದ ಗುಮ್ಮಟಕ್ಕೆ ಆಸರೆ ಒದಗಿಸಿದರು. ಗುಮ್ಮಟ ಹೊರಕ್ಕೆ ಒತ್ತುವ ಬಲವನ್ನು, ಒಳಕ್ಕೆ ಚಾಚಿದ ಈ ಕಟ್ಟಡಭಾಗದ ತೂಕವೇ ತಡೆದು ಹಿಡಿಯುತ್ತದೆ. ಆದ್ದರಿಂದ 1,600 ಚದರ ಮೀಟರಿಗೂ ಹೆಚ್ಚಿನ ನೆಲದಲ್ಲಿ ಒಂದೇ ಒಂದು ಕಂಬವಿಲ್ಲ. ಮೂಲೆಯೊಂದರಲ್ಲಿ ನಿಂತು, ಒಂದು ಕಮಾನಿನ ಗೆರೆಯನ್ನು ಬುಡದಿಂದ ತುದಿಯವರೆಗೆ ಕಣ್ಣಿನಿಂದಲೇ ಹಿಂಬಾಲಿಸಿದರೆ ಈ ಹೆಣಿಗೆ ತಾನಾಗಿ ಅರ್ಥವಾಗುತ್ತದೆ.

ನಡುವಿನ ಕಟ್ಟೆಯ ಮೇಲಿರುವುದು ಸಮಾಧಿಗಳ ಪ್ರತಿರೂಪಗಳು ಮಾತ್ರ. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹನ ನಿಜವಾದ ಸಮಾಧಿ ನೆಲಮಾಳಿಗೆಯಲ್ಲಿದೆ.

ಆಮೇಲೆ ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಮೆಟ್ಟಿಲುಗಳನ್ನು ಹತ್ತಿ. ಅವು ಕಿರಿದಾಗಿದ್ದು ಕಡಿದಾಗಿವೆ. ಮಂಡಿನೋವಿನ ಹಿರಿಯರನ್ನು ಒತ್ತಾಯಿಸದೆ ಕೆಳಗೇ ಕೂರಿಸುವುದು ಲೇಸು. ನೆಲದಿಂದ ಸುಮಾರು 33 ಮೀಟರ್ ಎತ್ತರದ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ, ಎದುರು ಬದಿಯಲ್ಲಿ ಗೋಡೆಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ತಲುಪುತ್ತದೆ. ಗುಮ್ಮಟದ ಬಾಗಿದ ಒಳಮೈ ಸದ್ದನ್ನು ಚದುರಗೊಡದೆ ತನ್ನ ಅಂಚಿನುದ್ದಕ್ಕೂ ಸಾಗಿಸುವುದೇ ಇದಕ್ಕೆ ಕಾರಣ. ದಯವಿಟ್ಟು ಇಲ್ಲಿ ಚೀರಬೇಡಿ, ಗೋಡೆಯ ಮೇಲೆ ಹೆಸರು ಕೆತ್ತಬೇಡಿ.

ಉಳಿದ ದಿನವನ್ನು ಊರಿನ ಪಶ್ಚಿಮಕ್ಕಿರುವ, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯಿರುವ ಇಬ್ರಾಹಿಂ ರೋಜಾಕ್ಕೆ ಮೀಸಲಿಡಿ. ಗೋಳಗುಮ್ಮಟದಲ್ಲಿ ಕಾಣಸಿಗದ ಸೂಕ್ಷ್ಮ ಕೆತ್ತನೆ ಅಲ್ಲಿ ಗೋಡೆ, ಕಿಟಕಿಗಳನ್ನೆಲ್ಲ ತುಂಬಿದೆ. ಸಮಯ ಉಳಿದರೆ, ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಸಮಾಧಿಯಾದ ಬಾರಾ ಕಮಾನನ್ನು ನೋಡಿ; ಅಲ್ಲಿ ಕಮಾನುಗಳು ಬರಿದಾಗಿ ನಿಂತಿರುವುದರಿಂದ ಕಟ್ಟಡ ಮೇಲೇಳುತ್ತಿದ್ದ ಕ್ರಮವನ್ನು ಹತ್ತಿರದಿಂದ ಗಮನಿಸಬಹುದು.