ಯಾರ ಆರಾಧನೆ ಸರಿ ಅಂತ ಕೇಳುವವರಿಗೆ

"ಅಕ್ಕ, ನೀವು ಎಲ್ಲಾ ಸಭೆಗೂ ಹೋಗ್ತೀರಲ್ಲ, ಬೈಬಲ್ ಪ್ರಕಾರ ಯಾರ ಆರಾಧನೆ ಸರಿ ಇದೆ?" ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ನಾನು ಕ್ರೈಸ್ತ ಸಭೆಗಳಲ್ಲಿ ಪ್ರಸಂಗ, ಅಂದರೆ ಬೈಬಲ್ ಉಪದೇಶ, ಅನುವಾದ ಮಾಡುವವಳು. ಚಿಕ್ಕಮಗಳೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಸಭೆಗಳಿಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡುವ ಪ್ರಸಂಗಿಗಳು ಬಂದಾಗ, ಪಕ್ಕದಲ್ಲಿ ಇನ್ನೊಂದು ಮೈಕ್ ಹಿಡಿದು ನಿಂತು ಕನ್ನಡದಲ್ಲಿ ಹೇಳುತ್ತೇನೆ. ಹಾಗಾಗಿ ಪುಸ್ತಕ ನೋಡಿ ಪ್ರಾರ್ಥನೆ ಓದುವ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ದೇವಾಲಯವೂ ಗೊತ್ತು, ಕೈ ಎತ್ತಿ ಕುಣಿಯುವ ಪೆಂತೆಕೋಸ್ತ ಸಭೆಯೂ ಗೊತ್ತು, ಕೀಬೋರ್ಡನ್ನು ಬಾಗಿಲ ಹೊರಗೇ ನಿಲ್ಲಿಸುವ ಬ್ರದರನ್ ಕೂಟವೂ ಗೊತ್ತು. ಕೇಳುವವರಿಗೆ ಬೇಕಾದ್ದು ಒಂದು ಹೆಸರು. ಅದು ಸಿಕ್ಕಿದರೆ ಉಳಿದವರ ಜೊತೆ ಜಗಳ ಮಾಡಲು ಅನುಕೂಲ.

ಹೆಸರು ನಾನು ಹೇಳುವುದಿಲ್ಲ. ಯಾಕೆಂದರೆ ಭಾನುವಾರದ ಆರಾಧನೆಯಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಅಂತ ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಬರೆದಿಟ್ಟಿಲ್ಲ. ಮೋಶೆಯ ಕಾಲದ ಆರಾಧನೆಯ ಗುಡಾರಕ್ಕಾದರೆ ಪರದೆಯ ಅಳತೆಯಿಂದ ಹಿಡಿದು ಮಹಾಯಾಜಕನ ನಿಲುವಂಗಿಯ ಅಂಚಿನ ಗೆಜ್ಜೆಯವರೆಗೆ ಎಲ್ಲವೂ ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿದೆ. ಯೆರೂಸಲೇಮಿನ ಮೊದಲ ವಿಶ್ವಾಸಿಗಳ ಬಗ್ಗೆ ಅಪೊಸ್ತಲರ ಕೃತ್ಯಗಳು 2:42 ಹೇಳುವುದು ನಾಲ್ಕೇ ಸಂಗತಿ: ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಬರೆಯದೆ ಬಿಟ್ಟ ಜಾಗವನ್ನು ಒಬ್ಬೊಬ್ಬರು ಒಂದೊಂದು ರೀತಿ ತುಂಬಿಕೊಂಡರು. 1520ರ ದಶಕದಲ್ಲಿ ಝೂರಿಕ್‌ನಲ್ಲಿ ಸಭಾಸುಧಾರಕ ಜ್ವಿಂಗ್ಲಿ, ವಾಕ್ಯ ಹೇಳದ್ದು ಆರಾಧನೆಯಲ್ಲಿ ಬೇಡವೆಂದು ಹಾಡು-ವಾದ್ಯ ಎರಡನ್ನೂ ನಿಲ್ಲಿಸಿಬಿಟ್ಟ. ಅದೇ ಕಾಲದಲ್ಲಿ ಜರ್ಮನಿಯ ಸುಧಾರಕ ಲೂಥರ್ ಜನರಿಗೆ ಅವರದೇ ಭಾಷೆಯಲ್ಲಿ ಹಾಡು ಕಟ್ಟಿ ಕೊಡುತ್ತಿದ್ದ. ಇಬ್ಬರ ಕೈಯಲ್ಲಿ ಇದ್ದದ್ದೂ ಒಂದೇ ಬೈಬಲ್.

ಹಾಗಂತ ಮನಸ್ಸಿಗೆ ಬಂದ ಹಾಗೆ ಮಾಡಬಹುದು ಅಂತಲ್ಲ. ಕ್ರಿ.ಶ. 55ರ ಸುಮಾರಿಗೆ ಅಪೊಸ್ತಲ ಪೌಲ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯಲ್ಲಿ 11ರಿಂದ 14ನೇ ಅಧ್ಯಾಯದವರೆಗೆ ಓದಿ ನೋಡಿ. ಒಂದೂವರೆ ವರ್ಷ ಅಲ್ಲೇ ಇದ್ದು ಕಟ್ಟಿದ ಸಭೆ. ಅಲ್ಲಿ ಆರಾಧನೆ ಕೈತಪ್ಪಿದ್ದು ಅವನ ಕಿವಿಗೆ ಬಿದ್ದಿತ್ತು. ಒಬ್ಬೊಬ್ಬರನ್ನೇ ಹೆಸರಿಟ್ಟು ಬೈಯದೆ, ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳುತ್ತಾನೆ: ನೀನು ಮಾಡುತ್ತಿರುವುದರಿಂದ ಪಕ್ಕದಲ್ಲಿ ಕೂತವನಿಗೆ ಏನು ಸಿಕ್ಕಿತು?

ಅನ್ಯಭಾಷೆಯ, ಅಂದರೆ ಆತ್ಮಪ್ರೇರಣೆಯಿಂದ ಬರುವ, ಕೇಳುವವರಿಗೆ ಅರ್ಥವಾಗದ ಮಾತಿನ, ವಿಷಯ ತೆಗೆದುಕೊಳ್ಳಿ. ಪೌಲ ಅದನ್ನು ಬೇಡ ಅನ್ನುವುದಿಲ್ಲ, ನಿಮ್ಮೆಲ್ಲರಿಗಿಂತ ಹೆಚ್ಚು ನಾನೇ ಆಡುತ್ತೇನೆ ಅನ್ನುತ್ತಾನೆ. ಆದರೆ ಸಭೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು, ಅದೂ ಒಬ್ಬರ ನಂತರ ಒಬ್ಬರು, ಮತ್ತು ಅರ್ಥ ಹೇಳುವವರು ಇರಲೇಬೇಕು. ಇಲ್ಲದಿದ್ದರೆ ಸುಮ್ಮನಿದ್ದು ದೇವರೊಂದಿಗೆ ಮಾತಾಡಿಕೊಳ್ಳಲಿ. ಅನುವಾದಕಿಯಾದ ನನಗೆ ಈ 14:28 ಬಲು ಇಷ್ಟದ ವಚನ ಅಂತ ಬೇರೆ ಹೇಳಬೇಕೇ! ನೀನು ಮಾಡುವ ಸ್ತೋತ್ರಕ್ಕೆ ಅರ್ಥವೇ ಆಗದವನು ಆಮೆನ್ ಅನ್ನುವುದು ಹೇಗೆ ಎಂದೂ ಅದೇ ಅಧ್ಯಾಯದಲ್ಲಿ ಕೇಳುತ್ತಾನೆ. ಹತ್ತು ಸಾವಿರ ಮಾತು ಅನ್ಯಭಾಷೆಯಲ್ಲಿ ಆಡುವುದಕ್ಕಿಂತ ತಿಳಿಯುವ ಐದು ಮಾತು ಮೇಲು ಅನ್ನುತ್ತಾನೆ. ಮೈಕ್ ಹಿಡಿದವರೆಲ್ಲ ಒಟ್ಟಿಗೇ ಅನ್ಯಭಾಷೆಯಲ್ಲಿ ಕೂಗುವ, ಸೌಂಡ್ ಬಾಕ್ಸ್ ಕಿರ್ರೆನ್ನುವ ರಾತ್ರಿ ಕೂಟಗಳಲ್ಲಿ ನಾನು ಅನುವಾದಕ್ಕೆ ನಿಂತಿದ್ದೇನೆ. ಮೈಕ್ ಕೆಳಗಿಟ್ಟು ಸುಮ್ಮನಿರುವುದು ಬಿಟ್ಟರೆ ಅಲ್ಲಿ ನನಗೆ ಕೆಲಸವಿಲ್ಲ. ಹೊರಗಿನವರು ಒಳಗೆ ಬಂದರೆ ನಿಮಗೆ ಹುಚ್ಚು ಹಿಡಿದಿದೆ ಅನ್ನುವುದಿಲ್ಲವೇ ಅಂತ ಪೌಲ ಎಂದೋ ಕೇಳಿಬಿಟ್ಟಿದ್ದಾನೆ.

ಇದನ್ನು ಪೆಂತೆಕೋಸ್ತದವರ ತಲೆಗೆ ಮಾತ್ರ ಕಟ್ಟಬೇಡಿ. ಕಥೋಲಿಕರ ಪೂಜೆ ನೂರಾರು ವರ್ಷ ಲತೀನಿನಲ್ಲೇ ನಡೆಯಿತು. ಜನಸಾಮಾನ್ಯರ ಭಾಷೆಗೆ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ, 1963ರ ಡಿಸೆಂಬರ್ 4ರಂದು. ಅದಕ್ಕೆ ಮೂರು ವಾರ ಮೊದಲಷ್ಟೇ ಚಿಕ್ಕಮಗಳೂರು ತನ್ನದೇ ಬಿಷಪ್ ಆಡಳಿತದ ಪ್ರತ್ಯೇಕ ಧರ್ಮಪ್ರಾಂತ್ಯವಾಗಿತ್ತು. ಕನ್ನಡ, ಕೊಂಕಣಿ, ತಮಿಳು ಮೂರೂ ಬೇಕಾಗುವ ಈ ತೋಟದ ಸೀಮೆಯಲ್ಲಿ ಯಾವ ಭಾಷೆಗೆ ಎಷ್ಟು ಪೂಜೆ ಅನ್ನುವ ತಕರಾರು ಈಗಲೂ ಅಲ್ಲಲ್ಲಿ ಏಳುತ್ತದೆ. ಜನ ಇದಕ್ಕೆ ರಾಜಕೀಯ ಅಂತ ಹೆಸರಿಡುತ್ತಾರೆ. ಸ್ವಲ್ಪ ಮಟ್ಟಿಗೆ ಇರಬಹುದು. ಆದರೆ ಅರ್ಥವಾಗದೆ ಆಮೆನ್ ಅನ್ನಲಾರೆ ಎಂದು ಒಬ್ಬ ಹೇಳಿದರೆ ಪೌಲ ಅವನ ಪರವಾಗಿಯೇ ನಿಲ್ಲುತ್ತಾನೆ.

ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆಯ, ವಿಷಯಕ್ಕೆ ಬಂದಾಗ ಪೌಲನ ದನಿ ಬದಲಾಗುತ್ತದೆ. ಕೊರಿಂಥದಲ್ಲಿ ಅದು ಒಂದು ಚೂರು ರೊಟ್ಟಿ, ಒಂದು ಗುಟುಕು ರಸ ಅಲ್ಲ, ಪೂರ್ತಿ ಊಟ. ಸ್ಥಿತಿವಂತರ ಮನೆಯಲ್ಲಿ ಸೇರುತ್ತಿದ್ದರು. ಅಂಥ ಮನೆಗಳ ಊಟದ ಕೋಣೆಯಲ್ಲಿ ಎಂಟು ಹತ್ತು ಮಂದಿ ಒರಗಿ ಕೂರಬಹುದಿತ್ತು, ಉಳಿದವರಿಗೆ ಅಂಗಳವೇ ಗತಿ ಆಗಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ಕೂಲಿ, ಚಾಕರಿ ಮುಗಿಸಿ ಬರುವವರಿಗೆ ಹೊತ್ತಾಗುತ್ತಿತ್ತೇನೋ. ಅಂತೂ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ, ಇದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ ಪೌಲ. ಪರಿಹಾರ ಹೇಳುವುದು ಒಂದೇ ಸಾಲಿನಲ್ಲಿ: ಒಬ್ಬರಿಗೊಬ್ಬರು ಕಾದುಕೊಳ್ಳಿ.

ಮೂಡಿಗೆರೆ ಕಡೆಯ ಒಂದು ಸಭೆಗೆ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಅನುವಾದಕ್ಕೆ ಹೋಗಿದ್ದೆ. ಮುಂದೆ ಎರಡು ಸಾಲು ಕುರ್ಚಿ, ಹಿಂದೆ ಜಮಖಾನ. ಕುರ್ಚಿಯಲ್ಲಿ ತೋಟದ ಧಣಿಗಳ ಮನೆಯವರು, ರೈಟರು, ಪೇಟೆಯಿಂದ ಕಾರಿನಲ್ಲಿ ಬಂದವರು. ಜಮಖಾನದ ಮೇಲೆ ತೋಟದ ಲೈನ್ ಮನೆಯ ಕೂಲಿಯವರು, ಮಡಿಲಲ್ಲಿ ಮಕ್ಕಳು. ಹಾಡು ಮುಗಿಯಿತು. ಆಮೇಲೆ ಅತಿಥಿ ಪ್ರಸಂಗಿಗೆ ಶಾಲು ಹೊದೆಸಿ ಹಾರ ಹಾಕಿದರು. ಅವರ ಹೆಂಡತಿಗೆ ಇನ್ನೊಂದು ಶಾಲು, ದಾನಿಗಳಿಗೆ ಮತ್ತೆರಡು. ಪ್ರಸಂಗ ಮುಗಿಯುವ ಮೊದಲೇ ಹಿಂದಿನವರು ಒಬ್ಬೊಬ್ಬರಾಗಿ ಎದ್ದರು. ಅವರ ಕಡೆಗೆ ಹೋಗುವ ಬಸ್ಸಿನ ಹೊತ್ತು. ಅದು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ. ಕೊನೆಗೆ ಪುಟ್ಟ ಲೋಟಗಳ ತಟ್ಟೆ ಬಂದಾಗ ಕುರ್ಚಿಗಳು ತುಂಬಿದ್ದವು, ಜಮಖಾನ ಮುಕ್ಕಾಲು ಖಾಲಿ. ಬಡಿಸುತ್ತಿದ್ದ ಹುಡುಗ ತುಂಬಿದ ಲೋಟಗಳನ್ನು ಹಾಗೆಯೇ ವಾಪಸ್ ಒಯ್ದ.

ಅಲ್ಲಿ ಯಾರೂ ಸುಳ್ಳು ಬೋಧಿಸಲಿಲ್ಲ. ಹಾಡೂ ಚೆನ್ನಾಗಿತ್ತು, ಪ್ರಾರ್ಥನೆಯೂ ಚೆನ್ನಾಗಿತ್ತು. ಆದರೂ ಡ್ರಮ್ಸ್ ಬಾರಿಸಬಹುದೋ ಬಾರದೋ ಅನ್ನುವುದಕ್ಕಿಂತ ನೂರು ಪಾಲು ದೊಡ್ಡ ತಪ್ಪು ಇದು, ನನ್ನ ಲೆಕ್ಕದಲ್ಲಿ. ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯದಲ್ಲಿ ಚಿನ್ನದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ ಕೊಟ್ಟು, ಬಡವನಿಗೆ ನೀನು ಅಲ್ಲೇ ನಿಲ್ಲು, ಇಲ್ಲವೇ ನನ್ನ ಕಾಲ ಬಳಿ ಕೂತುಕೋ ಅನ್ನುವ ಸಭೆಯ ಮಾತು ಬರುತ್ತದೆ. ಓದುವಾಗ ನಮ್ಮ ಕಡೆಯದೇ ಯಾವುದೋ ಸಭೆಯ ವಿವರಣೆ ಅನ್ನಿಸುತ್ತದೆ. ಆ ಸಭೆಯ ಪಾಸ್ಟರ್‌ಗೆ ಇದನ್ನೇ ಹೇಳಿದೆ. ಒಳ್ಳೆಯ ಮನುಷ್ಯ, ಮುಂದಿನ ತಿಂಗಳಿಂದ ಭೋಜನವನ್ನು ಪ್ರಸಂಗಕ್ಕಿಂತ ಮೊದಲು ಇಟ್ಟರು. ಕುರ್ಚಿ ಮಾತ್ರ ಇದ್ದಲ್ಲೇ ಇದೆ.

ಇನ್ನು ಹೆಂಗಸರ ವಿಷಯ. ಸಭೆಗಳಲ್ಲಿ ಸ್ತ್ರೀಯರು ಸುಮ್ಮನಿರಲಿ ಎನ್ನುವ 1 ಕೊರಿಂಥ 14:34ನ್ನು ನನ್ನ ಮುಖಕ್ಕೆ ಹಿಡಿದವರು ಬೇಕಾದಷ್ಟು ಮಂದಿ. ಒಬ್ಬರಂತೂ ನಾನು ಅನುವಾದ ಮುಗಿಸಿ ನೀರು ಕುಡಿಯುವುದರೊಳಗೆ ಬೈಬಲ್ ತೆರೆದುಕೊಂಡು ಬಂದಿದ್ದರು. ಅದೇ ಪತ್ರಿಕೆಯ 11:5ರಲ್ಲಿ ಹೆಂಗಸು ಪ್ರಾರ್ಥನೆಯನ್ನಾಗಲಿ ಪ್ರವಾದನೆಯನ್ನಾಗಲಿ (ದೇವರ ಮಾತನ್ನು ಸಭೆಗೆ ತಿಳಿಸುವುದು) ಮಾಡುವಾಗ ತಲೆಯ ಮೇಲೆ ಮುಸುಕಿರಬೇಕು ಅನ್ನುತ್ತಾನೆ ಪೌಲ. ಬಾಯಿ ತೆರೆಯದೆ ಪ್ರವಾದನೆ ಮಾಡುವುದು ಹೇಗೆ? ಕೈಸರೈಯದ ಫಿಲಿಪ್ಪನ ನಾಲ್ಕು ಹೆಣ್ಣುಮಕ್ಕಳೂ ಪ್ರವಾದನೆ ಮಾಡುತ್ತಿದ್ದರು. 34ನೇ ವಚನ ಯಾವ ಗದ್ದಲಕ್ಕೆ ಉತ್ತರ ಅನ್ನುವುದರಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ನನ್ನ ಕಣ್ಣಿಗೆ ಬೀಳುವುದು ಇಷ್ಟು: ಆ ಅಧ್ಯಾಯದಲ್ಲಿ ಪೌಲ ಮೂವರಿಗೆ ಸುಮ್ಮನಿರಿ ಅನ್ನುತ್ತಾನೆ. ಅರ್ಥ ಹೇಳುವವರಿಲ್ಲದ ಅನ್ಯಭಾಷೆಯವನಿಗೆ, ಇನ್ನೊಬ್ಬನಿಗೆ ಪ್ರಕಟನೆ ಬಂದಾಗಲೂ ಮಾತು ನಿಲ್ಲಿಸದ ಪ್ರವಾದಿಗೆ, ಹೆಂಗಸರಿಗೆ. ಮೊದಲ ಇಬ್ಬರನ್ನು ಯಾರೂ ಸುಮ್ಮನಿರಿಸಿದ್ದನ್ನು ನಾನು ನೋಡಿಲ್ಲ.

ಉಳಿದ ಸಣ್ಣಪುಟ್ಟ ಪ್ರಶ್ನೆಗಳಿಗೆ ಸಣ್ಣ ಉತ್ತರ ಸಾಕು. ಚಪ್ಪಾಳೆ 47ನೇ ಕೀರ್ತನೆಯಲ್ಲಿದೆ. ತಾಳ, ದಮ್ಮಡಿ, ಕುಣಿತ 150ರಲ್ಲಿದೆ. ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ, ನ್ಯಾಯ ಹೊಳೆಯಂತೆ ಹರಿಯಲಿ ಎಂದು ದೇವರು ಹೇಳಿದ್ದು ಆಮೋಸನ ಪುಸ್ತಕದಲ್ಲಿದೆ. ಮೂರನ್ನೂ ಓದಿ. ಚಪ್ಪಲಿ ಬಿಡಿಸಿದ್ದು ಮೋಶೆಗೆ, ಯೆಹೋಶುವನಿಗೆ. ನಮಗೆ ಅಂಥ ಅಪ್ಪಣೆ ಇಲ್ಲ, ಆದರೆ ಮಲೆನಾಡಿನ ಆಷಾಢದ ಕೆಸರಲ್ಲಿ ಚಪ್ಪಲಿ ಹೊರಗಿರುವುದೇ ಒಳ್ಳೆಯದು. ಪ್ರಸಂಗ ಎಷ್ಟು ಹೊತ್ತು ಇರಬೇಕು ಅನ್ನುವವರಿಗೆ ತ್ರೋವದ ಯೂತಿಕನ ಕಥೆ ಹೇಳುತ್ತೇನೆ. ಪೌಲ ಮಧ್ಯರಾತ್ರಿಯವರೆಗೆ ಮಾತಾಡಿದ, ಕಿಟಕಿಯಲ್ಲಿ ಕೂತಿದ್ದ ಈ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ಎಬ್ಬಿಸಿ, ಮತ್ತೆ ಮೇಲೆ ಬಂದು ಬೆಳಗಿನವರೆಗೆ ಮಾತು ಮುಂದುವರಿಸಿದ. ದೀರ್ಘ ಪ್ರಸಂಗಿಗಳು ಈ ಭಾಗವನ್ನು ತಮ್ಮ ಪರವಾಗಿ ಎತ್ತುತ್ತಾರೆ, ಬಿದ್ದವನನ್ನು ಎಬ್ಬಿಸುವ ವರ ತಮಗಿದೆಯೇ ಅಂತ ನೋಡಿಕೊಳ್ಳುವುದಿಲ್ಲ.

ತೋಟ ಬಿಟ್ಟು ಹಾಸನಕ್ಕೆ ಮನೆ ಮಾಡುತ್ತಿರುವ ಒಬ್ಬ ತಂಗಿ ಮೊನ್ನೆ ಮತ್ತೆ ಹೆಸರನ್ನೇ ಕೇಳಿದಳು. ಯಾವ ಸಭೆಗೆ ಹೋದರೂ ಮೊದಲ ದಿನ ಹಿಂದೆ ಕೂತುಕೋ ಅಂದೆ. ವಾಕ್ಯ ಅಲ್ಲಿವರೆಗೆ ಕೇಳಿಸುತ್ತದಾ, ತಿಳಿಯುತ್ತದಾ, ರೊಟ್ಟಿಯ ತಟ್ಟೆ ಅಲ್ಲಿವರೆಗೆ ಬರುತ್ತದಾ, ಆರಾಧನೆ ಮುಗಿದ ಮೇಲೆ ಯಾರಾದರೂ ತಿರುಗಿ ನಿನ್ನನ್ನು ಮಾತಾಡಿಸುತ್ತಾರಾ ನೋಡು. "ಮತ್ತೆ ದಶಮಾಂಶ?" ಅಂದಳು, ಸಂಪಾದನೆಯ ಹತ್ತನೇ ಒಂದು ಪಾಲು ಸಭೆಗೆ ಕೊಡುವ ವಿಷಯ. ವಾರದ ಮೊದಲ ದಿನ ಅವರವರ ಸಂಪಾದನೆಗೆ ತಕ್ಕಂತೆ ತೆಗೆದಿಡಿ ಅಂತ 1 ಕೊರಿಂಥ 16ರಲ್ಲಿದೆ, ಬಲವಂತದಿಂದ ಬೇಡ, ಸಂತೋಷದಿಂದ ಕೊಡಿ ಅಂತ 2 ಕೊರಿಂಥ 9ರಲ್ಲಿದೆ. ಅಷ್ಟಕ್ಕೆ ಅವಳಿಗೆ ಸಮಾಧಾನವಾಗಲಿಲ್ಲ. ದಶಮಾಂಶ ತನ್ನಿ ಅನ್ನುವ ಮಲಾಕಿಯನ ಪುಸ್ತಕ ಹಿಡಿದು ವಾದಕ್ಕೆ ಬರುವವರೂ ಇದ್ದಾರೆ, ಅದಕ್ಕೆ ಇನ್ನೊಂದು ದಿನ ಬೇರೆಯಾಗಿಯೇ ಬರೆಯುತ್ತೇನೆ.