ಇಷ್ಟು ದುಡ್ಡಿಗೆ ಹೊಸ ಬೈಕೇ ಬರ್ತಿತ್ತಲ್ವಾ?

ಬರ್ತಿತ್ತು. ಉತ್ತರ ಮುಗೀತು.

ಸೆಕೆಂಡ್ ಹ್ಯಾಂಡ್ ಬೈಕ್ ತಂದು, ಮನೆಯಲ್ಲೇ ಪೂರ್ತಿ ಬಿಚ್ಚಿ, ನನಗೆ ಬೇಕಾದ ಹಾಗೆ ಕಟ್ಟಿದ್ದೇನೆ. ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಖರ್ಚೆಷ್ಟು ಅಂತ ಕೇಳಿದರೆ ಬೇಜಾರಿಲ್ಲ. ಕೊನೆಯಲ್ಲೊಂದು 'ಅಲ್ವಾ' ಇದೆಯಲ್ಲ, ಅದಕ್ಕೆ ಸಿಟ್ಟು ಬರುತ್ತದೆ. ಉತ್ತರ ಅವರ ಹತ್ತಿರವೇ ಇರುತ್ತದೆ. ನಾನು ಸುಮ್ನೆ ತಲೆಯಾಡಿಸಬೇಕು ಅಷ್ಟೇ.

ಒಮ್ಮೆ ಪಕ್ಕದ ಮನೆಯ ಅಂಕಲ್ ಹೀಗೆ ಕೇಳಿದಾಗ ನಾನು ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆ. ಕೈಯಲ್ಲಿ ಆಗತಾನೇ ಬಿಚ್ಚಿದ ಸ್ಪಾರ್ಕ್ ಪ್ಲಗ್, ಸುಡುತ್ತದೆ ಅಂತ ಬಟ್ಟೆ ಸುತ್ತಿಕೊಂಡಿದ್ದೆ. ತುದಿಯ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಿತ್ತು. ತಿಳಿ ಕಂದು ಇರಬೇಕಿತ್ತು. ಬಿಳಿ ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿಲ್ಲ ಅಂತ. ಏರ್ ಫಿಲ್ಟರ್ ಡಬ್ಬಿ ಕಿತ್ತು, ಸಣ್ಣ ಫಿಲ್ಟರನ್ನು ನೇರ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್‌ಗೆ ಸಿಕ್ಕಿಸಿದ್ದೆ. ಗಾಳಿ ಜಾಸ್ತಿ ಆಯ್ತು, ಪೆಟ್ರೋಲ್ ಅಷ್ಟೇ ಉಳಿಯಿತು. ಹೀಗೇ ಓಡಿಸಿದರೆ ಇಂಜಿನ್ ವಿಪರೀತ ಕಾದು ಪಿಸ್ಟನ್ನೇ ಹಾಳಾಗಬಹುದು. ಅದಕ್ಕೇ ಮೇನ್ ಜೆಟ್, ಅಂದರೆ ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಸಾಮಾನು, ಒಂದೊಂದೇ ಸೈಜ್ ಏರಿಸುತ್ತಿದ್ದೆ. ಪ್ರತಿ ಸಲ ಆಕ್ಸಿಲರೇಟರ್ ಪೂರ್ತಿ ಹಿಡಿದು ಓಡಿಸಿ, ಅದೇ ವೇಗದಲ್ಲಿ ಇಂಜಿನ್ ಆಫ್ ಮಾಡಿ, ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ನಿಧಾನವಾಗಿ ಮನೆಗೆ ಬಂದು ನೋಡಿದರೆ ಬಣ್ಣ ಸುಳ್ಳು ಹೇಳುತ್ತದೆ. ಅದು ಮೂರನೇ ಜೆಟ್. ಇನ್ನೂ ಬಿಳಿ. ಅಷ್ಟರಲ್ಲಿ ಅಂಕಲ್ ದುಡ್ಡಿನ ಮಾತು ತೆಗೆದರು.

"ಹೌದು ಅಂಕಲ್" ಅಂದೆ. ಯಾಕಂದೆನೋ, ಇವತ್ತಿಗೂ ಬೇಜಾರಿದೆ.

ಎಷ್ಟಾಯ್ತು ಅನ್ನುವ ಬದಲು "ಏನನ್ನು ಮುಟ್ಟದೆ ಬಿಟ್ಟೆ?" ಅಂತ ಯಾರಾದರೂ ಕೇಳಲಿ, ಕೂರಿಸಿಕೊಂಡು ಹೇಳುತ್ತೇನೆ. ಗ್ರೈಂಡರ್ ಕೈಗೆ ಬಂದರೆ ಕತ್ತರಿಸುವುದು ಸುಲಭ. ಸೀಟಿನ ಕೆಳಗಿನ ಚೌಕಟ್ಟು ಗಿಡ್ಡ ಮಾಡಿದ್ದು ನಿಜ. ಆದರೆ ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದ ಹಿಂದಕ್ಕೆ ಮಾತ್ರ. ಮುಂದಿನ ಫೋರ್ಕ್ ಕೂರುವ ಕೊಳವೆಯ ಹತ್ತಿರ ಬ್ಲೇಡ್ ಒಯ್ಯಲೇ ಇಲ್ಲ. ಆ ಕೊಳವೆಯ ವಾಲು ಒಂಚೂರು ತಪ್ಪಿದರೂ ಬೈಕಿನ ನಡಿಗೆಯೇ ಬದಲಾಗುತ್ತದೆ. ವೆಲ್ಡಿಂಗ್ ಕರೆಂಟಿಗೆ ಸುಟ್ಟುಹೋಗದಿರಲಿ ಅಂತ ಮೊದಲೇ ಬ್ಯಾಟರಿ, ಅದರ ಚಾರ್ಜಿಗೆ ಕರೆಂಟ್ ಬದಲಿಸಿಕೊಡುವ ರೆಕ್ಟಿಫೈಯರ್, ಎರಡರ ವೈರನ್ನೂ ಕಳಚಿಟ್ಟೆ. ಬ್ರೇಕಿಗೆ ಕಂಪನಿ ಅಳತೆಯದ್ದೇ ಹೊಸ ಸಾಮಾನು ಹಾಕಿದೆ, ಅಲ್ಲಿ ನನ್ನ ಕಲೆ ಬೇಡ.

ಹ್ಯಾಂಡಲ್ ಮಾತ್ರ ತಗ್ಗಿಸಿದೆ. ಇಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದೆ. ಆಕ್ಸಿಲರೇಟರ್ ಮುಟ್ಟದೆಯೇ ಸದ್ದು ಏರಿತು! ಅದರ ಕೇಬಲ್ ಎಳೆದುಕೊಳ್ಳುತ್ತಿತ್ತು. ರಸ್ತೆಯಲ್ಲಿ ತಿರುಗಿಸುವಾಗ ಹೀಗಾಗಿದ್ದರೆ? ಟ್ಯಾಂಕ್ ಇಳಿಸಿ, ಕೇಬಲ್ ದಾರಿ ಬದಲಿಸಿ, ಎರಡೂ ಕಡೆ ತಿರುಗಿಸಿದರೂ 2-3 ಮಿ.ಮೀ. ಸಡಿಲ ಉಳಿಯುವ ಹಾಗೆ ಮಾಡುವಷ್ಟರಲ್ಲಿ ಕತ್ತಲಾಗಿತ್ತು. ಈ ಬೈಕ್‌ನಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಅದೇ. ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ.

ಅಂದಹಾಗೆ ಅಂಕಲ್, ಐದನೇ ಜೆಟ್‌ಗೆ ಪ್ಲಗ್ ಕಂದು ಬಣ್ಣಕ್ಕೆ ಬಂತು.