ಸಬರದೊಳಗೆ ಇಟ್ಟದ್ದು

ಆ ವರ್ಷ ಬೂದಿ ಬುಧವಾರದಂದು, ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲ ಶುರುವಾಗುವ ದಿನ, ಮನೆಮಂದಿಯೆಲ್ಲ ಮಾಂಸ ಬಿಟ್ಟೆವು. ನಾನು ಚಹಾವನ್ನೂ ಬಿಟ್ಟೆ. ಭಾನುವಾರಗಳನ್ನು ಕಳೆದರೆ ಈಸ್ಟರ್‌ವರೆಗೆ 40 ದಿನ. ಮಗಳು ದ್ವಿತೀಯ ಪಿಯುಸಿಯಲ್ಲಿದ್ದಳು. ಮಾರ್ಚ್‌ನಲ್ಲಿ, ಲೆಂಟ್ ಕಾಲದ ನಡುವೆಯೇ, ಅವಳ ಪರೀಕ್ಷೆ. ನೀಟ್ ತರಬೇತಿಯ ತರಗತಿ ಭಾನುವಾರ ಬೆಳಿಗ್ಗೆ ಇರುತ್ತಿದ್ದುದರಿಂದ ಜೂನ್‌ನಿಂದಲೇ ಅವಳು ಆರಾಧನೆಗೆ ಬಂದಿರಲಿಲ್ಲ. ಅವಳನ್ನು ಬಿಟ್ಟುಬರುವ ನೆಪದಲ್ಲಿ ನಾನೂ ಹೋಗುತ್ತಿರಲಿಲ್ಲ. ಸಂಜೆಯ ಕುಟುಂಬ ಪ್ರಾರ್ಥನೆ ಮೊದಲು ಐದು ನಿಮಿಷಕ್ಕೆ ಇಳಿಯಿತು, ದಸರಾ ರಜೆಯ ಹೊತ್ತಿಗೆ ನಿಂತೇಹೋಯಿತು. ಗೋಡೆಯಲ್ಲಿ ಬೈಬಲ್ ವಾಕ್ಯದ ಕ್ಯಾಲೆಂಡರಿನ ಪಕ್ಕ ಅವಳ ಮಾದರಿ ಪರೀಕ್ಷೆಗಳ ಅಂಕಪಟ್ಟಿ ಅಂಟಿಸಿದ್ದೆ. ಬೆಳಿಗ್ಗೆ ಎದ್ದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಆ ಪಟ್ಟಿಯ ಕಡೆಗೆ.

ಲೆಂಟ್ ಕಾಲದ ಮನೆ ಪ್ರಾರ್ಥನೆ ಒಂದು ಸಂಜೆ ನಮ್ಮಲ್ಲಿಗೆ ಬಂತು. ಹತ್ತಿಪ್ಪತ್ತು ಜನ ಕೂಡಿದ್ದರು. ಹಾಡು ಶುರುವಾಗುವಾಗ ನಾನು ಕೈ ಎತ್ತಿ, "ಸ್ವಲ್ಪ ಮೆಲ್ಲಗೆ ಹಾಡೋಣ, ಮಗಳು ಓದುತ್ತಿದ್ದಾಳೆ" ಎಂದೆ. ಎಲ್ಲರೂ ಅರ್ಥಮಾಡಿಕೊಂಡು ದನಿ ತಗ್ಗಿಸಿದರು. ನನ್ನ ಮಾತು ನನಗೇ ಕೇಳಿಸಿದ್ದು ಆಮೇಲೆ, ಸಭಾಪಾಲಕರು ಬೈಬಲಿನ ಆದಿಕಾಂಡದ 31ನೆಯ ಅಧ್ಯಾಯ ಓದಿದಾಗ.

ಯಾಕೋಬ ಇಪ್ಪತ್ತು ವರ್ಷ ದುಡಿದು ಮಾವ ಲಾಬಾನನ ಮನೆಯಿಂದ ಹೊರಟಿದ್ದಾನೆ. ಕರೆದವನು ದೇವರು. ರಾಹೇಲಳೂ ಗಂಡನೊಡನೆ ಮನಸಾರೆ ಹೊರಟಿದ್ದಾಳೆ, ಆದರೆ ತಂದೆಯ ಮನೆದೇವರುಗಳನ್ನು ಕದ್ದು ಜೊತೆಗಿಟ್ಟುಕೊಂಡಿದ್ದಾಳೆ. ಹುಡುಕುತ್ತ ಬಂದ ಲಾಬಾನ ಗುಡಾರವನ್ನೆಲ್ಲ ತಡಕುತ್ತಾನೆ. ಅವಳು ಅವುಗಳನ್ನು ಒಂಟೆಯ ಸಬರದೊಳಗೆ, ಅಂದರೆ ಜೀನಿನೊಳಗೆ, ಇಟ್ಟು ಅದರ ಮೇಲೆಯೇ ಕೂತಿದ್ದಾಳೆ. ಮೈಯಲ್ಲಿ ಸರಿಯಿಲ್ಲ, ಏಳಲಾರೆ ಎನ್ನುತ್ತಾಳೆ. ಯಾಕೋಬನಿಗೆ ಇದಾವುದೂ ಗೊತ್ತಿಲ್ಲ.

ರಾಹೇಲಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಮರುಕ ಬಂತು. ಅವಳು ದೇವರನ್ನು ಬಿಟ್ಟವಳಲ್ಲ. ಗೊತ್ತಿಲ್ಲದ ದೇಶಕ್ಕೆ ಹೋಗುವಾಗ, ಇವೂ ಇರಲಿ ಎಂದುಕೊಂಡವಳು. ತನ್ನನ್ನು ಕಾಯಲಿ ಎಂದು ತಂದ ದೇವರುಗಳನ್ನು ಕಡೆಗೆ ಅವಳೇ ಕಾಯಬೇಕಾಯಿತು, ಎದ್ದು ನಿಲ್ಲಲೂ ಆಗದಂತೆ. ಪ್ರವಾದಿ ಯೆಶಾಯನ ಗ್ರಂಥದ 46ನೆಯ ಅಧ್ಯಾಯದಲ್ಲಿ ಬಾಬೆಲಿನ ದೇವತೆಗಳು ದಣಿದ ಪಶುಗಳ ಬೆನ್ನಿಗೆ ಹೊರೆಯಾಗುತ್ತವೆ. ಅಲ್ಲೇ ಕರ್ತನು ತನ್ನ ಜನರಿಗೆ, ನರೆಗೂದಲು ಬರುವ ತನಕ ನಾನೇ ನಿಮ್ಮನ್ನು ಹೊರುವೆನು ಎನ್ನುತ್ತಾನೆ. ಆ ಒಂಬತ್ತು ತಿಂಗಳು ನಮ್ಮ ಮನೆಯಲ್ಲಿ ಯಾರು ಯಾರನ್ನು ಹೊರುತ್ತಿದ್ದರು? ಒಂದು ಪರೀಕ್ಷೆಯಲ್ಲಿ ಹತ್ತು ಅಂಕ ಇಳಿದರೆ ಆ ವಾರವಿಡೀ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಪಟ್ಟಿ ಕೇಳಿದ್ದನ್ನೆಲ್ಲ ನಾವು ಕೊಟ್ಟೆವು: ನಿದ್ದೆ, ಭಾನುವಾರ, ಮಗಳ ಜೊತೆ ಆಡುವ ನಾಲ್ಕು ಮಾತು.

ಓದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮೋಶೆ ಮಾಡಿಸಿದ ತಾಮ್ರದ ಸರ್ಪವೂ ದೇವರ ಅಪ್ಪಣೆಯಿಂದಲೇ ಆದದ್ದು, ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಶತಮಾನಗಳ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದಾಗ ಹಿಜ್ಕೀಯ ರಾಜ ಅದನ್ನು ಒಡೆದುಹಾಕಿದ. ಮಗಳು ದೇವರ ವರ, ಅವಳ ಬುದ್ಧಿಯೂ ವರ. ಧೂಪ ಹಾಕಿದವನು ನಾನು.

ಜನ ಹೋದ ಮೇಲೆ ಪಟ್ಟಿಯನ್ನು ಕಿತ್ತೆ. ಈ ಭಾನುವಾರ ಎಲ್ಲರೂ ಆರಾಧನೆಗೆ ಹೋಗೋಣ ಎಂದೆ. "ಪರೀಕ್ಷೆಗೆ ಮೂರೇ ವಾರ ಇದೆಯಲ್ಲ" ಎಂದಳು ಹೆಂಡತಿ. ಅವಳ ಹೆದರಿಕೆ ನನಗೂ ಇತ್ತು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿತ್ತು: ಭಾನುವಾರವನ್ನು ದೇವರಿಗೆ ಕೊಟ್ಟರೆ ಆತನು ಅಂಕ ಕೊಡುತ್ತಾನೆ ಎನ್ನುವ ಎಣಿಕೆ. ಹಾಗೆಂದುಕೊಂಡು ಹೋದರೆ ಪೂಜೆ ನಡೆಯುವುದು ಅಂಕಕ್ಕೇ, ದೇವರು ಬರೀ ಪೂಜಾರಿ. ಮುಂದೆ ಶೆಕೆಮ್ ಊರಿನಲ್ಲಿ ಯಾಕೋಬನ ಮನೆಯವರು ಅನ್ಯದೇವರುಗಳನ್ನೂ ಕಿವಿಯ ಮುರುವುಗಳನ್ನೂ ತಂದುಕೊಟ್ಟಾಗ ಅವನು ಅವನ್ನು ಮಾರಿ ಬೇತೇಲಿನ ಯಜ್ಞವೇದಿಗೆ ಹಣ ಮಾಡಿಕೊಳ್ಳಲಿಲ್ಲ. ಮರದ ಬುಡದಲ್ಲಿ ಹೂಳಿ ಮುಂದೆ ನಡೆದ. ತಮ್ಮ ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟರು ಎಂದು ಬರೆದಿದೆ. ರಾಹೇಲಳೂ ಅಂದು ಸಬರದ ಮೇಲಿಂದ ಎದ್ದಳೆಂದೇ ನಾನು ನಂಬುತ್ತೇನೆ.

ಪಟ್ಟಿ ಕಿತ್ತ ಜಾಗದಲ್ಲಿ ಬಣ್ಣ ಎದ್ದುಬಂದ ನಾಲ್ಕು ಗುರುತುಗಳು ಈಗಲೂ ಇವೆ. ಈ ವರ್ಷ ಮಗ ಹತ್ತನೆಯ ತರಗತಿಗೆ ಬಂದಿದ್ದಾನೆ, ನನ್ನ ಕೈ ಒಮ್ಮೆ ಅಂಟಿನ ಡಬ್ಬಿಯವರೆಗೂ ಹೋಗಿತ್ತು. ಬೂದಿ ಬುಧವಾರದಂದು ಯಾರು ಏನು ಬಿಡಬೇಕೆಂದು ಮಾತಾಡುವ ಮೊದಲು ಮೂವರನ್ನೂ ಕೂರಿಸಿಕೊಂಡೆ. ಕೂತವನಿಗೆ ತನ್ನ ಸಬರ ಕಾಣುವುದಿಲ್ಲ, ನಿಮಗೆ ಏನಾದರೂ ಕಾಣುತ್ತಿದೆಯೇ ಎಂದು ಕೇಳಿದೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳಲೇ ಅಪ್ಪಾ?" ಎಂದಳು.